ಗೆದ್ದ ಮರುವರ್ಷವೇ ಎಡವುವುದೇಕೆ? ಮೋಟೋಜಿಪಿ ಚಾಂಪಿಯನ್‌ಗಳನ್ನು ಕಾಡುವ ನಂಬರ್ 1

ಮೋಟೋಜಿಪಿ ವಿಶ್ವ ಚಾಂಪಿಯನ್ ಆದವರಿಗೆ ಮರುವರ್ಷ ಒಂದು ವಿಶೇಷ ಹಕ್ಕು ಸಿಗುತ್ತದೆ. ತಮ್ಮ ಹಳೆಯ ನಂಬರ್ ಬಿಟ್ಟು ಬೈಕಿನ ಮುಂದೆ ದೊಡ್ಡದಾಗಿ 1 ಎಂದು ಬರೆಸಿಕೊಳ್ಳಬಹುದು. ಸ್ಪೇನ್‌ನ ಹೋರ್ಹೆ ಮಾರ್ಟಿನ್ 2025ರಲ್ಲಿ ಆ ಹಕ್ಕನ್ನು ಖುಷಿಯಿಂದಲೇ ಬಳಸಿಕೊಂಡರು. ಆದರೆ ಆ ನಂಬರ್ 1 ಟ್ರ್ಯಾಕ್‌ನಲ್ಲಿ ಕಂಡದ್ದಕ್ಕಿಂತ ಆಸ್ಪತ್ರೆಯ ಸುದ್ದಿಗಳಲ್ಲಿ ಕಂಡದ್ದೇ ಹೆಚ್ಚು. 22 ಸುತ್ತುಗಳ ಸೀಸನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸುತ್ತುಗಳಿಗೆ ಚಾಂಪಿಯನ್ ಗೈರು!

ಇದು ಮೊದಲ ಸಲವೇನೂ ಅಲ್ಲ. 1999ರ ಚಾಂಪಿಯನ್ ಅಲೆಕ್ಸ್ ಕ್ರಿವಿಯೆ ಮರುವರ್ಷ 9ನೇ ಸ್ಥಾನಕ್ಕೆ ಕುಸಿದರು. 2000ದ ಚಾಂಪಿಯನ್ ಕೆನ್ನಿ ರಾಬರ್ಟ್ಸ್ ಜೂನಿಯರ್ ಮರುವರ್ಷ 11ನೇ ಸ್ಥಾನ. 2006ರ ಚಾಂಪಿಯನ್ ನಿಕಿ ಹೇಡನ್ 2007ರಲ್ಲಿ 8ನೇ ಸ್ಥಾನ. ಒಂದು ವರ್ಷದ ಹಿಂದೆ ಜಗತ್ತಿನಲ್ಲೇ ಅತಿ ವೇಗದ ಸವಾರ ಎನಿಸಿಕೊಂಡವರು ಹನ್ನೆರಡೇ ತಿಂಗಳಲ್ಲಿ ಬೈಕ್ ಓಡಿಸುವುದನ್ನು ಮರೆತುಬಿಟ್ಟರೇ? ದೃಷ್ಟಿ ತಾಗಿತು ಎಂದು ಹೇಳಿ ಸುಮ್ಮನಾಗಬಹುದು. ನಂಬರ್ 1 ಎಂದರೆ ಶಾಪ ಎಂದು ನಂಬುವ ಅಭಿಮಾನಿಗಳು ಯುರೋಪಿನಲ್ಲೂ ಇದ್ದಾರೆ. ಆದರೆ ಒಬ್ಬೊಬ್ಬರ ಸೀಸನ್ ಬಿಡಿಸಿ ನೋಡಿದರೆ ಶಾಪಕ್ಕಿಂತ ಸರಳವಾದ, ಅಷ್ಟೇ ನಿರ್ದಯವಾದ ಕಾರಣಗಳು ಸಿಗುತ್ತವೆ.

ಮೋಟಾರ್‌ಸೈಕಲ್ ರೇಸಿಂಗ್‌ನಲ್ಲಿ ಪ್ರಶಸ್ತಿ ಗೆಲ್ಲುವುದು ಬರೀ ಸವಾರನಲ್ಲ. ಆ ವರ್ಷದ ನಿಯಮ, ಆ ವರ್ಷದ ಟೈರ್, ಆ ವರ್ಷದ ಎಂಜಿನ್, ಆ ವರ್ಷ ಮುರಿಯದೇ ಉಳಿದ ಮೂಳೆಗಳು, ಇಷ್ಟೂ ಒಟ್ಟಿಗೆ ಕೂಡಿಬಂದಾಗ ಒಬ್ಬ ಚಾಂಪಿಯನ್ ಹುಟ್ಟುತ್ತಾನೆ. ಸೀಸನ್ ಮುಗಿದ ಮರುದಿನದಿಂದಲೇ ಆ ಕೂಟ ಚದುರತೊಡಗುತ್ತದೆ. ಇದನ್ನು ನಿಕಿ ಹೇಡನ್ ಅವರಷ್ಟು ಸ್ಪಷ್ಟವಾಗಿ ಅನುಭವಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ.

5 ಅಂಕಗಳ ಚಾಂಪಿಯನ್

ಹೇಡನ್ ಅಮೆರಿಕದ ಕೆಂಟಕಿ ರಾಜ್ಯದ ಓವೆನ್ಸ್‌ಬರೋ ಎಂಬ ಊರಿನವರು. ಚಿಕ್ಕಂದಿನಲ್ಲಿ ಬೈಕ್ ಕಲಿತದ್ದು ಮಣ್ಣಿನ ಟ್ರ್ಯಾಕ್‌ನಲ್ಲಿ. ಮಣ್ಣಿನಲ್ಲಿ ಹಿಂದಿನ ಚಕ್ರ ಜಾರುವುದು ಅಪಘಾತವಲ್ಲ, ಅದೇ ತಿರುಗುವ ವಿಧಾನ. ಆಕ್ಸಿಲರೇಟರ್ ತಿರುಗಿಸಿ ಹಿಂಬದಿಯನ್ನು ಜಾರಿಸುತ್ತಾ, ಆ ಜಾರುವಿಕೆಯಿಂದಲೇ ಬೈಕಿನ ಮೂತಿಯನ್ನು ಬೇಕಾದ ಕಡೆಗೆ ತಿರುಗಿಸುವ ವಿದ್ಯೆ ಅದು. 2002ರಲ್ಲಿ ಅಮೆರಿಕದ ಸೂಪರ್‌ಬೈಕ್ ಪ್ರಶಸ್ತಿ ಗೆದ್ದು 2003ರಲ್ಲಿ ಹೋಂಡಾದ ಫ್ಯಾಕ್ಟರಿ ತಂಡದ ಮೂಲಕ ಮೋಟೋಜಿಪಿಗೆ ಬಂದರು.

ಆಗ ಮೋಟೋಜಿಪಿ ಬೈಕ್‌ಗಳ ಎಂಜಿನ್ 990 ಸಿಸಿ. ದೈತ್ಯ ಎಂಜಿನ್. ತಿರುವಿನ ಹತ್ತಿರ ಬಂದು ಗಟ್ಟಿಯಾಗಿ ಬ್ರೇಕ್ ಹಾಕಿ, ಬೈಕನ್ನು ಬೇಗ ತಿರುಗಿಸಿ, ನೆಟ್ಟಗೆ ನಿಲ್ಲಿಸಿ, ಹಿಂದಿನ ಚಕ್ರ ಜಾರುತ್ತಿದ್ದರೂ ಲೆಕ್ಕಿಸದೆ ಶಕ್ತಿಯೆಲ್ಲ ಸುರಿದು ಹೊರಗೆ ಚಿಮ್ಮುವುದು ಆ ಬೈಕ್‌ಗಳ ವರಸೆ. ತಿರುವಿನ ನಡುವೆ ಸ್ವಲ್ಪ ವೇಗ ಕಳೆದುಕೊಂಡರೂ ಚಿಂತೆಯಿಲ್ಲ, ಎಂಜಿನ್ ಅದನ್ನು ಕ್ಷಣದಲ್ಲಿ ವಾಪಸ್ ಕೊಡುತ್ತಿತ್ತು. ಮಣ್ಣಿನಲ್ಲಿ ಬೆಳೆದ ಹುಡುಗನಿಗೆ ಹೇಳಿ ಮಾಡಿಸಿದ ಬೈಕ್.

2006ರಲ್ಲಿ ಹೇಡನ್ ಗೆದ್ದದ್ದು ಎರಡೇ ರೇಸ್. ನೆದರ್ಲೆಂಡ್ಸ್‌ನ ಅಸೆನ್ ಮತ್ತು ತವರಿನ ಲಗೂನಾ ಸೆಕಾ. ಆದರೆ ಉಳಿದ ಕಡೆಗಳಲ್ಲಿ ತಪ್ಪದೆ ಅಂಕ ಕೂಡಿಸುತ್ತಾ ಸೀಸನ್‌ನ ಬಹುಭಾಗ ಮುನ್ನಡೆಯಲ್ಲಿದ್ದರು. ಕೊನೆಯಿಂದ ಎರಡನೇ ರೇಸ್, ಪೋರ್ಚುಗಲ್‌ನ ಎಸ್ಟೊರಿಲ್. ಅಲ್ಲಿ ಅವರನ್ನು ಬೀಳಿಸಿದ್ದು ಎದುರಾಳಿ ತಂಡದವರಲ್ಲ, ಸ್ವಂತ ತಂಡದ ಡ್ಯಾನಿ ಪೆಡ್ರೋಸಾ! ಇಬ್ಬರೂ ರೇಸ್‌ನಿಂದ ಹೊರಬಿದ್ದರು, ವ್ಯಾಲೆಂಟಿನೋ ರೊಸ್ಸಿ 8 ಅಂಕ ಮುಂದೆ ಹೋದರು. ಅದೇ ರೇಸ್‌ನಲ್ಲಿ ರೊಸ್ಸಿ ಮೊದಲ ಸ್ಥಾನ ತಪ್ಪಿಸಿಕೊಂಡದ್ದು ಕೇವಲ 0.002 ಸೆಕೆಂಡ್‌ನಿಂದ. ಗೆದ್ದವರು ಟೋನಿ ಎಲಿಯಾಸ್.

ಕೊನೆಯ ರೇಸ್ ವೆಲೆನ್ಸಿಯಾದಲ್ಲಿ. ರೊಸ್ಸಿ ಆರಂಭದಲ್ಲಿ ಹಿಂದೆ ಬಿದ್ದು, ನಂತರ ಟ್ರ್ಯಾಕ್‌ನಲ್ಲೇ ಬಿದ್ದರು. ಹೇಡನ್ ಮೂರನೆಯವರಾಗಿ ಗುರಿ ಮುಟ್ಟಿದರು. ಅಂತಿಮ ಲೆಕ್ಕ: ಹೇಡನ್ 252, ರೊಸ್ಸಿ 247. ಸತತ 5 ವರ್ಷ ಪ್ರಶಸ್ತಿ ಗೆದ್ದಿದ್ದ ರೊಸ್ಸಿಯನ್ನು ಕೆಳಗಿಳಿಸಿದ ಹೇಡನ್ ಹೆಲ್ಮೆಟ್ ಒಳಗೇ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಅಂದು ಟಿವಿಯಲ್ಲಿ ನೋಡಿದವರು ಮರೆತಿರಲಾರರು.

ಆ ಸಂಭ್ರಮದ ಹೊತ್ತಿಗೆ ಅವರು ಗೆದ್ದ ಬೈಕಿನ ಆಯಸ್ಸು ಮುಗಿದಿತ್ತು.

990 ಹೋಗಿ 800 ಬಂತು

ವೇಗ ಮಿತಿಮೀರುತ್ತಿದೆ, ಸುರಕ್ಷತೆ ಬೇಕು ಎಂಬ ಕಾರಣಕ್ಕೆ 2007ರಿಂದ ಎಂಜಿನ್ ಗಾತ್ರವನ್ನು 800 ಸಿಸಿಗೆ ಇಳಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಜೊತೆಗೆ ಇಂಧನದ ಮಿತಿಯೂ 22 ಲೀಟರ್‌ನಿಂದ 21ಕ್ಕೆ ಇಳಿಯಿತು. ಕಾಗದದ ಮೇಲೆ ಸಣ್ಣ ಬದಲಾವಣೆ. ಟ್ರ್ಯಾಕ್ ಮೇಲೆ ಅದು ಬೇರೆಯೇ ಆಟವಾಯಿತು.

ಸಣ್ಣ ಎಂಜಿನ್‌ಗೆ ಕೆಳಗಿನ ವೇಗದಲ್ಲಿ ಎಳೆಯುವ ಬಲ ಕಡಿಮೆ. ತಿರುವಿನ ನಡುವೆ ವೇಗ ಕಳೆದುಕೊಂಡರೆ ಅದನ್ನು ಮತ್ತೆ ಗಳಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಘಾಟಿ ರಸ್ತೆಯಲ್ಲಿ ಸಣ್ಣ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತದೆ, ತಿರುವಿನಲ್ಲಿ ಒಮ್ಮೆ ವೇಗ ಇಳಿದರೆ ಏರು ಹತ್ತಲು ಎಂಜಿನ್ ಒದ್ದಾಡುತ್ತದೆ. ಹಾಗಾಗಿ 800 ಸಿಸಿ ಬೈಕಿನಲ್ಲಿ ವೇಗವಾಗಿ ಹೋಗಬೇಕೆಂದರೆ ವೇಗ ಕಳೆದುಕೊಳ್ಳಲೇಬಾರದು. ಬೈಕನ್ನು ಆಳವಾಗಿ ವಾಲಿಸಿ, ದೊಡ್ಡ ಕಮಾನಿನಂತೆ ನುಣುಪಾಗಿ, ಹಿಂದಿನ ಚಕ್ರ ಜಾರದಂತೆ ತಿರುವು ದಾಟಬೇಕು. 250 ಸಿಸಿ ವಿಭಾಗದಲ್ಲಿ ಬೆಳೆದ ಸವಾರರಿಗೆ ಇದು ತಾಯಿಭಾಷೆ. ಹೇಡನ್‌ಗೆ ಪರಭಾಷೆ. ಎಲೆಕ್ಟ್ರಾನಿಕ್ಸ್ ಕೂಡ ಅದೇ ಹೊತ್ತಿಗೆ ಚುರುಕಾಯಿತು. ಚಕ್ರ ಜಾರುವ ಸುಳಿವು ಸಿಕ್ಕರೆ ಸಾಕು, ಕಂಪ್ಯೂಟರ್ ಎಂಜಿನ್‌ನ ಶಕ್ತಿ ಕಡಿತ ಮಾಡತೊಡಗಿತು. ಜಾರಿಸುವುದೇ ಹೇಡನ್ ಅವರ ಅಸ್ತ್ರ. ಅದು ಈಗ ಸಮಯ ವ್ಯರ್ಥ ಮಾಡುವ ಚಟ ಎನಿಸಿಕೊಂಡಿತು.

ತಮಾಷೆಯೆಂದರೆ ಸುರಕ್ಷತೆಗಾಗಿ ತಂದ ನಿಯಮದಿಂದ ತಿರುವುಗಳಲ್ಲಿನ ವೇಗ ಹೆಚ್ಚಿತು, ಸವಾರರು ಬೀಳುವುದೂ ತಿರುವುಗಳಲ್ಲೇ. 2012ರಲ್ಲಿ ಎಂಜಿನ್ ಗಾತ್ರವನ್ನು ಮತ್ತೆ 1000 ಸಿಸಿಗೆ ಏರಿಸಲಾಯಿತು. ಅಷ್ಟರಲ್ಲಿ ಹೇಡನ್ ಅವರ ಒಳ್ಳೆಯ ವರ್ಷಗಳು ಕಳೆದುಹೋಗಿದ್ದವು.

ಬೈಕಿನ ಅಳತೆಯ ಪ್ರಶ್ನೆ ಇನ್ನೊಂದು. ಹೋಂಡಾದ ಹೊಸ ಬೈಕ್ ಆರ್‌ಸಿ212ವಿ ತೀರಾ ಪುಟ್ಟದಾಗಿತ್ತು. ತಂಡದಲ್ಲಿ ಹೇಡನ್ ಜೊತೆಗಿದ್ದ ಪೆಡ್ರೋಸಾ 125 ಸಿಸಿಯಲ್ಲಿ ಒಮ್ಮೆ, 250 ಸಿಸಿಯಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿ ಬಂದಿದ್ದವರು, ಗ್ರಿಡ್‌ನಲ್ಲೇ ಅತಿ ಕುಳ್ಳ, ಅತಿ ಹಗುರದ ಸವಾರರಲ್ಲಿ ಒಬ್ಬರು. ಬೈಕನ್ನು ಅವರ ಅಳತೆಗೇ ಹೊಲಿದಿದ್ದಾರೆ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಚಾಂಪಿಯನ್‌ಗೆ ಬೇರೆಯವರ ಅಂಗಿ ತೊಡಿಸಿದಂತಾಯಿತು. ಆದರೆ ಇದೊಂದೇ ಕಾರಣ ಎನ್ನುವುದು ಹೋಂಡಾಗೆ ಅನ್ಯಾಯ, ಪೆಡ್ರೋಸಾಗೂ ಅನ್ಯಾಯ. ಆ ಬೈಕ್ ಯಾರಿಗೂ ಅಷ್ಟಾಗಿ ಒಲಿಯಲಿಲ್ಲ. 2007ರಲ್ಲಿ ಹೋಂಡಾ ಗೆದ್ದದ್ದು ಎರಡೇ ರೇಸ್. ಎರಡನ್ನೂ ಗೆದ್ದವರು ಪೆಡ್ರೋಸಾ.

ಸಮಸ್ಯೆಯ ಬೇರು ಎಂಜಿನ್‌ನ ಒಳಗಿತ್ತು. ಸಣ್ಣ ಎಂಜಿನ್‌ನಿಂದ ಹೆಚ್ಚು ಶಕ್ತಿ ಬೇಕೆಂದರೆ ಅದು ಹೆಚ್ಚು ವೇಗವಾಗಿ ತಿರುಗಬೇಕು. ತೀರಾ ವೇಗವಾಗಿ ತಿರುಗಿದರೆ ವಾಲ್ವ್‌ಗಳನ್ನು ಮುಚ್ಚುವ ಲೋಹದ ಸ್ಪ್ರಿಂಗ್‌ಗಳು ಸೋಲುತ್ತವೆ, ವಾಲ್ವ್ ಮುಚ್ಚುವ ಮೊದಲೇ ಮತ್ತೆ ತೆರೆಯುವ ಸರದಿ ಬಂದಿರುತ್ತದೆ. ಇಟಲಿಯ ಡುಕಾಟಿಗೆ ಈ ತಲೆನೋವು ಇರಲಿಲ್ಲ. ಅವರ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವುದಷ್ಟೇ ಅಲ್ಲ, ಮುಚ್ಚುವುದೂ ಯಾಂತ್ರಿಕವಾಗಿಯೇ, ಸ್ಪ್ರಿಂಗ್ ಹಂಗಿಲ್ಲ. ಹೋಂಡಾ 2007ರಲ್ಲಿ ಸ್ಪ್ರಿಂಗ್‌ನಲ್ಲೇ ಮುಂದುವರಿಯಿತು. ಗಾಳಿಯ ಒತ್ತಡದಿಂದ ವಾಲ್ವ್ ಮುಚ್ಚುವ ಹೊಸ ಎಂಜಿನ್ ರೇಸ್‌ಗೆ ಇಳಿದದ್ದು 2008ರ ಮಧ್ಯದಲ್ಲಿ. ಹೇಡನ್ ಅದನ್ನು ಡೋನಿಂಗ್ಟನ್‌ನಲ್ಲಿ ರೇಸ್ ಮಾಡಿದರು. ಅಷ್ಟರಲ್ಲಿ ತಡವಾಗಿತ್ತು.

ಟೈರ್ ಕೂಡ ಕೈಕೊಟ್ಟಿತು

2006ರವರೆಗೆ ಮಿಶೆಲಿನ್ ಕಂಪನಿಗೆ ಒಂದು ದೊಡ್ಡ ಅನುಕೂಲವಿತ್ತು. ಯುರೋಪಿನ ರೇಸ್‌ಗಳಲ್ಲಿ ಶುಕ್ರವಾರದ ಅಭ್ಯಾಸ ನೋಡಿಕೊಂಡು, ಫ್ರಾನ್ಸ್‌ನ ಕಾರ್ಖಾನೆಯಲ್ಲಿ ಹೊಸ ಟೈರ್ ತಯಾರಿಸಿ, ರಾತ್ರೋರಾತ್ರಿ ಟ್ರ್ಯಾಕ್‌ಗೆ ತಂದುಬಿಡುತ್ತಿತ್ತು. ಮಿಶೆಲಿನ್ ಬಳಸುವ ಮುಂಚೂಣಿ ಸವಾರರಿಗೆ ಭಾನುವಾರ ಬಿಸಿಬಿಸಿ ದೋಸೆಯಂತೆ ಆ ಟ್ರ್ಯಾಕ್‌ಗೆಂದೇ ಮಾಡಿದ ಟೈರ್ ಸಿಗುತ್ತಿತ್ತು. ಜಪಾನಿನ ಬ್ರಿಡ್ಜ್‌ಸ್ಟೋನ್‌ಗೆ ಅಷ್ಟು ದೂರದಿಂದ ಈ ಆಟ ಆಡಲು ಸಾಧ್ಯವಿರಲಿಲ್ಲ.

2007ರಲ್ಲಿ ನಿಯಮ ಬಂತು: ರೇಸ್ ವಾರಾಂತ್ಯಕ್ಕೆ ಒಬ್ಬ ಸವಾರನಿಗೆ 31 ಟೈರ್. ಅಭ್ಯಾಸ ಶುರುವಾಗುವ ಮೊದಲೇ ಎಲ್ಲವನ್ನೂ ಆರಿಸಿ ಗುರುತು ಹಾಕಿಸಿಕೊಳ್ಳಬೇಕು. ರಾತ್ರಿ ಟೈರ್ ಬಾಗಿಲು ಮುಚ್ಚಿತು. ಮೊದಲೇ ಊಹಿಸಿ ತರುವುದರಲ್ಲಿ ಪಳಗಿದ್ದ ಬ್ರಿಡ್ಜ್‌ಸ್ಟೋನ್ ಮೇಲುಗೈ ಸಾಧಿಸಿತು. ಹೇಡನ್, ಪೆಡ್ರೋಸಾ, ರೊಸ್ಸಿ ಮೂವರೂ ಮಿಶೆಲಿನ್ ಸವಾರರು.

ಡುಕಾಟಿ ಎಂಜಿನ್, ಬ್ರಿಡ್ಜ್‌ಸ್ಟೋನ್ ಟೈರ್ ಎರಡೂ ಒಟ್ಟಿಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಕೇಸಿ ಸ್ಟೋನರ್‌ಗೆ. ಅವರು ಆ ವರ್ಷ 10 ರೇಸ್ ಗೆದ್ದು ಚಾಂಪಿಯನ್ ಆದರು. ಹಿಂದಿನ ವರ್ಷ, ಅಂದರೆ 2006ರಲ್ಲಿ, ಪದೇ ಪದೇ ಬೀಳುತ್ತಿದ್ದ ಹೊಸ ಹುಡುಗ ಸ್ಟೋನರ್ ಗಳಿಸಿದ್ದು 8ನೇ ಸ್ಥಾನ. 2007ರಲ್ಲಿ ಹೇಡನ್ ತಲುಪಿದ್ದೂ 8ನೇ ಸ್ಥಾನ. ಇಬ್ಬರೂ ಕುರ್ಚಿ ಬದಲಿಸಿಕೊಂಡಂತೆ!

ಹಾಗೆಂದು ಡುಕಾಟಿ ಏರಿದವರೆಲ್ಲ ಗೆಲ್ಲುತ್ತಿದ್ದರೆಂದೂ ಅಲ್ಲ. ಸ್ಟೋನರ್ ತಂಡದಲ್ಲೇ ಇದ್ದ ಲೋರಿಸ್ ಕಪಿರೋಸ್ಸಿ 990 ಸಿಸಿ ಕಾಲದಲ್ಲಿ, 2006ರಲ್ಲಿ ಮೂರು ರೇಸ್ ಗೆದ್ದು ಪ್ರಶಸ್ತಿಯ ರೇಸ್‌ನಲ್ಲಿದ್ದವರು. 800 ಸಿಸಿ ಡುಕಾಟಿಯಲ್ಲಿ ಅವರಿಗೆ ದಕ್ಕಿದ್ದು ಒಂದೇ ಗೆಲುವು, 7ನೇ ಸ್ಥಾನ. ಒಂದೇ ಬೈಕ್, ಒಂದೇ ಟೈರ್, ಒಬ್ಬರಿಗೆ ಸಿಂಹಾಸನ, ಇನ್ನೊಬ್ಬರಿಗೆ ಪರದಾಟ. ಯಾವ ಸವಾರನ ಸಹಜ ಶೈಲಿಗೆ ಆ ವರ್ಷದ ಯಂತ್ರ ಹೊಂದುತ್ತದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸಿತು.

ಹೇಡನ್ 2007ರಲ್ಲಿ ಮೂರು ಬಾರಿ ಪೋಡಿಯಂ ಏರಿದರು. ಅಸೆನ್, ಜರ್ಮನಿಯ ಸ್ಯಾಕ್ಸನ್‌ರಿಂಗ್, ಝೆಕ್ ಗಣರಾಜ್ಯದ ಬ್ರನೋ, ಮೂರೂ ಕಡೆ 3ನೇ ಸ್ಥಾನ. ಒಂದೂ ಗೆಲುವಿಲ್ಲ. ಎರಡು ವರ್ಷ ಸತತ ಗೆದ್ದಿದ್ದ ಲಗೂನಾ ಸೆಕಾದಲ್ಲಿ, ತವರಿನ ಜನರ ಮುಂದೆ, ಆರಂಭದಲ್ಲೇ ಮತ್ತೊಬ್ಬ ಸವಾರನೊಂದಿಗೆ ತಾಗಿ ರೇಸ್ ಕೈತಪ್ಪಿತು. ಒಟ್ಟು 127 ಅಂಕ, ಹಿಂದಿನ ವರ್ಷ ಗಳಿಸಿದ್ದರ ಅರ್ಧ. 2009ರಲ್ಲಿ ಅವರು ಡುಕಾಟಿಗೆ ಹೋದರು, ಐದು ಸೀಸನ್ ಅಲ್ಲೇ ದುಡಿದರು. ಮೋಟೋಜಿಪಿಯಲ್ಲಿ ಮತ್ತೆಂದೂ ಗೆಲ್ಲಲಿಲ್ಲ.

ಯಂತ್ರ ನಿಂತಿತು, ಉಳಿದವರು ಓಡಿದರು

ನಿಯಮ ಬದಲಾಗದಿದ್ದರೂ ಚಾಂಪಿಯನ್ ಸೋಲಬಹುದು. ಅದಕ್ಕೆ ಉದಾಹರಣೆ ಸ್ಪೇನ್‌ನ ಜೋನ್ ಮಿರ್. 2020ರ ಕೋವಿಡ್ ಸೀಸನ್‌ನಲ್ಲಿ ಸುಜುಕಿ ಏರಿ ಒಂದೇ ರೇಸ್ ಗೆದ್ದು, ಸ್ಥಿರ ಪ್ರದರ್ಶನದಿಂದ ಚಾಂಪಿಯನ್ ಆದವರು. ವೆಚ್ಚ ಉಳಿಸಲು 2021ಕ್ಕೆ ಎಂಜಿನ್ ಅಭಿವೃದ್ಧಿಗೆ ತಡೆ ಹಾಕಲಾಗಿತ್ತು. ಗೆದ್ದ ಬೈಕ್ ಹಾಗೇ ಇದೆ, ಸವಾರನೂ ಅವರೇ, ಇನ್ನೇನು ಬೇಕು?

ಆದರೆ ಎದುರಾಳಿಗಳು ಎಂಜಿನ್ ಬಿಟ್ಟು ಬೇರೆ ಕಡೆ ಕೈ ಹಾಕಿದ್ದರು. ತಿರುವಿನಿಂದ ಹೊರಬರುವಾಗ ಬೈಕಿನ ಹಿಂಭಾಗವನ್ನು ಕೆಳಗಿಳಿಸುವ ಒಂದು ಸಾಧನ ಡುಕಾಟಿ ಬಳಿ ಇತ್ತು. ಬೈಕ್ ತಗ್ಗಿದರೆ ಮುಂದಿನ ಚಕ್ರ ಮೇಲೇಳುವುದಿಲ್ಲ. ಚಕ್ರ ಏಳದಿದ್ದರೆ ಸವಾರ ಆಕ್ಸಿಲರೇಟರನ್ನು ಹೆದರದೆ ಪೂರ್ತಿ ತಿರುಗಿಸಬಹುದು. ಪ್ರತಿ ತಿರುವಿನಲ್ಲೂ ಕೂದಲೆಳೆಯಷ್ಟು ಲಾಭ, ಲ್ಯಾಪ್ ಮುಗಿಯುವಷ್ಟರಲ್ಲಿ ಅದು ದೊಡ್ಡ ಮೊತ್ತ. ಸುಜುಕಿಗೆ ಈ ಸಾಧನ ಸಿದ್ಧವಾದದ್ದು 2021ರ ಆಗಸ್ಟ್‌ನಲ್ಲಿ, ಸೀಸನ್ ಅರ್ಧ ಮುಗಿದ ಮೇಲೆ. ಅದಕ್ಕೂ ಮೊದಲು ಜನವರಿಯಲ್ಲೇ ತಂಡದ ಮ್ಯಾನೇಜರ್ ಡೇವಿಡೆ ಬ್ರಿವಿಯೋ ಫಾರ್ಮುಲಾ 1ಕ್ಕೆ ಹೊರಟುಹೋಗಿದ್ದರು, ಅವರ ಜಾಗಕ್ಕೆ ಸುಜುಕಿ ಆ ವರ್ಷ ಯಾರನ್ನೂ ತರಲಿಲ್ಲ. ಮಿರ್ ಆ ಸೀಸನ್ ಒಂದೂ ರೇಸ್ ಗೆಲ್ಲದೆ 3ನೇ ಸ್ಥಾನ ಪಡೆದರು. ನಿಜ ಹೇಳಬೇಕೆಂದರೆ ಅಂಥ ಸ್ಥಿತಿಯಲ್ಲಿ 3ನೇ ಸ್ಥಾನ ಒಳ್ಳೆಯ ಸಾಧನೆಯೇ. ಆದರೆ ಚಾಂಪಿಯನ್‌ಗೆ ಹಾಗೆ ಹೇಳಿ ಬೆನ್ನು ತಟ್ಟುವವರು ಯಾರು?

ಅವರ ನಂತರ ಬಂದ ಫ್ರಾನ್ಸ್‌ನ ಫ್ಯಾಬಿಯೋ ಕ್ವಾರ್ಟರಾರೋ ಅವರದ್ದೂ ಇದೇ ಪಾಡು. 2021ರ ಚಾಂಪಿಯನ್. 2022ರ ಜೂನ್‌ನಲ್ಲಿ ಫ್ರಾನ್ಸೆಸ್ಕೊ ಬನ್ಯಾಯಾ ಅವರಿಗಿಂತ 91 ಅಂಕ ಮುಂದಿದ್ದರು. ಸೀಸನ್ ಮುಗಿದಾಗ 17 ಅಂಕ ಹಿಂದೆ! ನೇರ ರಸ್ತೆಯಲ್ಲಿ ಅವರ ಯಮಾಹಾಗೆ ವೇಗ ಸಾಲದು, ಎದುರಿಗೆ ಗ್ರಿಡ್‌ನಲ್ಲಿ 8 ಡುಕಾಟಿಗಳು. 8 ಬೈಕ್ ಎಂದರೆ ಪ್ರತಿ ವಾರಾಂತ್ಯ 8 ಸವಾರರ ಮಾಹಿತಿ ಕಂಪನಿಗೆ ಸಿಗುತ್ತದೆ. ಯಮಾಹಾ ಸುಧಾರಿಸುವ ವೇಗಕ್ಕಿಂತ ಡುಕಾಟಿ ಸುಧಾರಿಸುವ ವೇಗ ಹೆಚ್ಚಿತ್ತು. ಕ್ವಾರ್ಟರಾರೋ ಆ ಕೊರತೆ ತುಂಬಲು ಮಿತಿ ಮೀರಿ ಸವಾರಿ ಮಾಡಿದರು, ಮಿತಿ ಮೀರಿದಾಗ ಬಿದ್ದರು.

ಮಾರ್ಟಿನ್: ಹೊಸ ಬೈಕ್, ಹಳೆಯ ಅಭ್ಯಾಸ

ಈಗ ಮಾರ್ಟಿನ್ ಕಥೆಗೆ ಬರೋಣ. ದೆಹಲಿ ಸುತ್ತಮುತ್ತಲಿನ ಕನ್ನಡಿಗರಲ್ಲಿ ಕೆಲವರಾದರೂ ಇವರನ್ನು ಕಣ್ಣಾರೆ ನೋಡಿರಬಹುದು. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ನಡೆದ ಭಾರತದ ಮೊದಲ ಮೋಟೋಜಿಪಿಯಲ್ಲಿ ಬಿಸಿಲಿನ ಝಳಕ್ಕೆ ಬಸವಳಿದು, ಎರಡನೆಯವರಾಗಿ ಗುರಿ ಮುಟ್ಟಿ ಕುಸಿದವರು ಮಾರ್ಟಿನ್. ಅಂದು ಗೆದ್ದವರು ಇಟಲಿಯ ಮಾರ್ಕೊ ಬೆಝೆಕ್ಕಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2024ರಲ್ಲಿ ಮಾರ್ಟಿನ್ ಪ್ರಮಾಕ್ ಎಂಬ ಖಾಸಗಿ ತಂಡದ ಡುಕಾಟಿಯಲ್ಲಿ ಚಾಂಪಿಯನ್ ಆದರು. 2002ರಲ್ಲಿ ಮೋಟೋಜಿಪಿ ಯುಗ ಆರಂಭವಾದ ಮೇಲೆ ಫ್ಯಾಕ್ಟರಿ ತಂಡಕ್ಕೆ ಸೇರದ ಸವಾರನೊಬ್ಬ ಈ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಬನ್ಯಾಯಾ ಭಾನುವಾರದ ರೇಸ್‌ಗಳಲ್ಲಿ 11 ಗೆದ್ದರೂ 498 ಅಂಕ, ಮಾರ್ಟಿನ್ ಗೆದ್ದದ್ದು ಮೂರೇ ಆದರೂ ಬೀಳದೆ ಉಳಿದು 508 ಅಂಕ. ಆದರೆ ಸೀಸನ್ ನಡುವೆಯೇ ಡುಕಾಟಿ ತನ್ನ ಫ್ಯಾಕ್ಟರಿ ಬೈಕಿಗೆ ಮಾರ್ಕ್ ಮಾರ್ಕೆಜ್ ಅವರನ್ನು ಆರಿಸಿತ್ತು. ನೊಂದ ಮಾರ್ಟಿನ್ ಎಪ್ರಿಲಿಯಾ ಕಂಪನಿಗೆ ಸಹಿ ಹಾಕಿಬಿಟ್ಟಿದ್ದರು. ಗೆದ್ದ ಬೈಕನ್ನು ಗೆಲ್ಲುವ ಮೊದಲೇ ಬಿಟ್ಟುಕೊಟ್ಟಿದ್ದರು ಎನ್ನಬೇಕು.

ನಾಲ್ಕು ವರ್ಷ ಡುಕಾಟಿ ಓಡಿಸಿದ ಕೈಗೆ ಒಂದು ಅಭ್ಯಾಸ ಕೂತಿರುತ್ತದೆ. ಎಲ್ಲಿ ಬ್ರೇಕ್ ಹಿಡಿಯಬೇಕು, ಮುಂದಿನ ಟೈರ್ ಜಾರುವ ಮುನ್ನ ಹ್ಯಾಂಡಲ್ ಯಾವ ಸೂಚನೆ ಕೊಡುತ್ತದೆ, ಇದೆಲ್ಲ ಯೋಚಿಸಿ ಮಾಡುವ ಕೆಲಸವಲ್ಲ. ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ ಯೋಚಿಸಲು ಸಮಯವೂ ಇಲ್ಲ. ಹೊಸ ಬೈಕ್ ಎಂದರೆ ಈ ಸಹಜಜ್ಞಾನವನ್ನು ಮೊದಲಿನಿಂದ ಕಲಿಯಬೇಕು. ಕಲಿಯಲು ಸಿಗುವ ಸಮಯವೋ ತೀರಾ ಕಡಿಮೆ. ವೆಚ್ಚ ನಿಯಂತ್ರಣದ ಕಾರಣಕ್ಕೆ ಪರೀಕ್ಷಾ ಓಟಗಳ ಮೇಲೆ ಕಟ್ಟುನಿಟ್ಟಿನ ಮಿತಿಯಿದೆ. 2025ರ ಸೀಸನ್‌ಗೆ ಮೊದಲು ಸೆಪಾಂಗ್‌ನಲ್ಲಿ ಮೂರು ದಿನ, ಥಾಯ್ಲೆಂಡ್‌ನ ಬುರಿರಾಮ್‌ನಲ್ಲಿ ಎರಡು ದಿನ, ಅಷ್ಟೇ.

ಸೆಪಾಂಗ್‌ನ ಮೊದಲ ದಿನವೇ ಮಾರ್ಟಿನ್ ಬಿದ್ದರು. ಬಲಗೈ ಮತ್ತು ಎಡಪಾದದ ಮೂಳೆ ಮುರಿತ. ಉಳಿದ ಪರೀಕ್ಷೆಗಳು ಹೋದವು. ಚೇತರಿಸಿಕೊಂಡು ಮೊದಲ ರೇಸ್‌ಗೆ ಹೊರಡುವ ಕೆಲವೇ ದಿನ ಮೊದಲು ತರಬೇತಿಯಲ್ಲಿ ಮತ್ತೆ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡರು. ಮೂರು ರೇಸ್ ತಪ್ಪಿತು. ಏಪ್ರಿಲ್‌ನಲ್ಲಿ ಕತಾರ್‌ಗೆ ಬಂದರು, ಹೊಸ ಬೈಕಿನ ಪರಿಚಯವೇ ಇಲ್ಲದೆ ನೇರ ರೇಸ್‌ಗೆ. ಅಲ್ಲಿ ಬಿದ್ದಾಗ ಹಿಂದಿನಿಂದ ಬಂದ ಬೈಕ್ ಬಡಿಯಿತು. ಹಲವು ಪಕ್ಕೆಲುಬು ಮುರಿದು, ಶ್ವಾಸಕೋಶದ ಸುತ್ತ ಗಾಳಿ ತುಂಬಿ, ದೋಹಾದ ಆಸ್ಪತ್ರೆಯಲ್ಲಿ ದಿನಗಟ್ಟಲೆ ಮಲಗಬೇಕಾಯಿತು. ಗಾಯದ ಮೇಲೆ ಬರೆ ಎಂಬಂತೆ ಎಪ್ರಿಲಿಯಾ ಜೊತೆಗಿನ ಒಪ್ಪಂದದಿಂದ ಹೊರಬರುವ ಜಗಳವೂ ನಡೆಯಿತು. ಕೊನೆಗೆ ಜುಲೈನಲ್ಲಿ ಬ್ರನೋಗೆ ಮರಳಿದಾಗ, ಇಲ್ಲೇ ಉಳಿಯುತ್ತೇನೆ ಎಂದರು. ಅಲ್ಲಿ 7ನೇ ಸ್ಥಾನ, ಹಂಗೇರಿಯಲ್ಲಿ 4ನೇ ಸ್ಥಾನ. ದಾರಿ ಸಿಕ್ಕಿತು ಎನ್ನುವಷ್ಟರಲ್ಲಿ ಜಪಾನಿನ ಮೊಟೆಗಿಯಲ್ಲಿ ಶನಿವಾರದ ಸ್ಪ್ರಿಂಟ್‌ನ ಆರಂಭದಲ್ಲೇ ಸ್ವಂತ ತಂಡದವರಿಗೇ ಗುದ್ದಿ ಕಾಲರ್‌ಬೋನ್ ಮುರಿದುಕೊಂಡರು.

ಆ ತಂಡದ ಜೊತೆಗಾರ ಯಾರೆಂದರೆ ಬೆಝೆಕ್ಕಿ! ಅವರೂ 2025ರಲ್ಲೇ ಎಪ್ರಿಲಿಯಾಗೆ ಹೊಸದಾಗಿ ಬಂದವರು, ಅವರೂ ಡುಕಾಟಿ ಬಿಟ್ಟು ಬಂದವರು. ಆದರೆ ಚಳಿಗಾಲದ ಪರೀಕ್ಷೆಗಳನ್ನು ಪೂರ್ತಿ ಮುಗಿಸಿದ್ದರು, ಒಂದೊಂದು ರೇಸ್‌ಗೂ ಬೈಕನ್ನು ತಮ್ಮ ಅಳತೆಗೆ ತಿದ್ದಿಸಿಕೊಳ್ಳುತ್ತಾ ಹೋದರು. ಮೇ ತಿಂಗಳಲ್ಲಿ ಸಿಲ್ವರ್‌ಸ್ಟೋನ್, ನವೆಂಬರ್‌ನಲ್ಲಿ ಪೋರ್ಚುಗಲ್ ಮತ್ತು ವೆಲೆನ್ಸಿಯಾ ಗೆದ್ದು ಚಾಂಪಿಯನ್‌ಶಿಪ್‌ನಲ್ಲಿ 3ನೇ ಸ್ಥಾನ ಪಡೆದರು. ಅಂದರೆ ಎಪ್ರಿಲಿಯಾ ಕೆಟ್ಟ ಬೈಕ್ ಆಗಿರಲಿಲ್ಲ. ಮಾರ್ಟಿನ್ ಕಳೆದುಕೊಂಡದ್ದು ಅದನ್ನು ಕಲಿಯುವ ಸಮಯವನ್ನು. ಗಾಯಗೊಂಡು ದೀರ್ಘಕಾಲ ಹೊರಗುಳಿದ ಸವಾರ ರೇಸ್‌ಗೆ ಮೊದಲು ಖಾಸಗಿಯಾಗಿ ಅಭ್ಯಾಸ ಮಾಡಬಹುದು ಎಂದು 2025ರ ನಡುವೆಯೇ ನಿಯಮ ಸಡಿಲಿಸಲಾಯಿತು. ಆ ಸಡಿಲಿಕೆ ಮೊದಲೇ ಇದ್ದಿದ್ದರೆ ಕತಾರ್‌ನ ಆ ಭಾನುವಾರ ಬೇರೆಯಾಗಿರುತ್ತಿತ್ತೇನೋ.

ಬೇಗ ಮರಳುವ ಆತುರ

ಗಾಯವನ್ನು ದುರದೃಷ್ಟ ಎಂದು ಬದಿಗಿಡುವುದು ಸುಲಭ. ಆದರೆ ಚಾಂಪಿಯನ್‌ಗಳ ವಿಷಯದಲ್ಲಿ ಗಾಯಕ್ಕಿಂತ ಅಪಾಯಕಾರಿ, ಬೇಗ ಮರಳಬೇಕೆಂಬ ಆತುರ. 2019ರಲ್ಲಿ 12 ರೇಸ್ ಗೆದ್ದು 420 ಅಂಕ ಕಲೆಹಾಕಿದ್ದ ಮಾರ್ಕೆಜ್ 2020ರ ಜುಲೈ 19ರಂದು ಹೆರೆಝ್‌ನಲ್ಲಿ ಬಿದ್ದು ಬಲ ತೋಳಿನ ಮೂಳೆ ಮುರಿದುಕೊಂಡರು. ಎರಡು ದಿನದಲ್ಲಿ ಶಸ್ತ್ರಚಿಕಿತ್ಸೆ. ಅದೇ ವಾರ ಶನಿವಾರ ಮತ್ತೆ ಬೈಕ್ ಏರಿದರು! ನೋವು ತಡೆಯಲಾಗದೆ ಹಿಂದೆ ಸರಿದರು. ಆಗಸ್ಟ್ ಆರಂಭದಲ್ಲಿ ತೋಳಿಗೆ ಹಾಕಿದ್ದ ಪ್ಲೇಟ್ ಮುರಿದು ಎರಡನೇ ಶಸ್ತ್ರಚಿಕಿತ್ಸೆ, ಡಿಸೆಂಬರ್‌ನಲ್ಲಿ ಮೂರನೆಯದು, 2022ರಲ್ಲಿ ಅಮೆರಿಕದಲ್ಲಿ ನಾಲ್ಕನೆಯದು. ಮತ್ತೆ ವಿಶ್ವ ಚಾಂಪಿಯನ್ ಆಗುವಷ್ಟರಲ್ಲಿ 2025ರ ಸೆಪ್ಟೆಂಬರ್ ಬಂದಿತ್ತು. ಆರು ವರ್ಷ! ಅದಾದ ಒಂದೇ ವಾರಕ್ಕೆ ಇಂಡೋನೇಷ್ಯಾದಲ್ಲಿ ಬಿದ್ದು ಬಲ ಭುಜಕ್ಕೆ ಮತ್ತೆ ಪೆಟ್ಟಾದಾಗ ಅವರು ಆತುರಪಡಲಿಲ್ಲ, ಉಳಿದ ರೇಸ್‌ಗಳನ್ನು ಬಿಟ್ಟುಬಿಟ್ಟರು.

ಎಲ್ಲರಿಗೂ ಎರಡನೇ ಅವಕಾಶ ಸಿಗುವುದಿಲ್ಲ. ಅಮೆರಿಕದ ಫ್ರೆಡ್ಡಿ ಸ್ಪೆನ್ಸರ್ 1985ರಲ್ಲಿ 250 ಸಿಸಿ ಮತ್ತು 500 ಸಿಸಿ ಎರಡೂ ವಿಶ್ವ ಪ್ರಶಸ್ತಿಗಳನ್ನು ಒಂದೇ ವರ್ಷ ಗೆದ್ದ ಸವಾರ. ಒಂದೇ ದಿನ ಎರಡು ರೇಸ್, ಎರಡು ಬೇರೆ ಬೇರೆ ಬೈಕ್. 1986ರ ಮೊದಲ ರೇಸ್‌ನಲ್ಲಿ, ಹರಾಮಾದಲ್ಲಿ, ಮುನ್ನಡೆಯಲ್ಲಿದ್ದಾಗಲೇ ಕೈ ಸ್ವಾಧೀನ ತಪ್ಪಿ ಟ್ರ್ಯಾಕ್ ಬಿಟ್ಟು ಬಂದರು. ಮಣಿಕಟ್ಟಿನ ತೊಂದರೆ ವಾಸಿಯಾಗಲೇ ಇಲ್ಲ. ಅವರು ಆ ಬಳಿಕ ಗ್ರ್ಯಾಂಡ್ ಪ್ರಿ ಗೆದ್ದದ್ದೇ ಇಲ್ಲ. ಆಗ ಅವರ ವಯಸ್ಸು ಕೇವಲ 24.

ಹಾಗಾದರೆ ನಂಬರ್ 1?

ಶಾಪ ಎನ್ನುವವರಿಗೆ ಬನ್ಯಾಯಾ ಒಂದು ಉತ್ತರ ಕೊಟ್ಟಿದ್ದಾರೆ. 2022ರ ಚಾಂಪಿಯನ್ ಆದ ಅವರು 2023ರಲ್ಲಿ ನಂಬರ್ 1 ಹಾಕಿಕೊಂಡೇ ಪ್ರಶಸ್ತಿ ಉಳಿಸಿಕೊಂಡರು. 1998ರಲ್ಲಿ ಮಿಕ್ ಡೂಹನ್ ಬಳಿಕ ಹಾಗೆ ಮಾಡಿದ ಮೊದಲಿಗರು ಅವರು. ಅವರಿಗೆ ಬೈಕ್ ಬದಲಾಗಲಿಲ್ಲ, ತಂಡ ಬದಲಾಗಲಿಲ್ಲ, ನಿಯಮಗಳಲ್ಲೂ ಬೈಕಿನ ಸ್ವಭಾವ ಬದಲಿಸುವಂಥದ್ದೇನೂ ಬರಲಿಲ್ಲ. ಕತಲೂನ್ಯಾದಲ್ಲಿ ಬಿದ್ದು ಕಾಲಿನ ಮೇಲೆ ಇನ್ನೊಂದು ಬೈಕ್ ಹರಿದರೂ ಮೂಳೆ ಮುರಿಯಲಿಲ್ಲ. ರೊಸ್ಸಿ ಮತ್ತು ಮಾರ್ಕೆಜ್ ಅಂತೂ ಈ ಗೊಡವೆಗೇ ಹೋಗಲಿಲ್ಲ. ಎಷ್ಟು ಸಲ ಗೆದ್ದರೂ ಒಬ್ಬರದ್ದು 46, ಇನ್ನೊಬ್ಬರದ್ದು 93.

ಹೇಡನ್ ಮಾತ್ರ 2007ರಲ್ಲಿ ಹೆಮ್ಮೆಯಿಂದ 1 ಹಾಕಿಕೊಂಡು, 2008ರಲ್ಲಿ ಅದನ್ನು ಸ್ಟೋನರ್‌ಗೆ ಬಿಟ್ಟುಕೊಟ್ಟು ತಮ್ಮ 69ಕ್ಕೆ ಮರಳಿದರು. ಅದು ಅವರ ತಂದೆ ರೇಸ್ ಮಾಡುತ್ತಿದ್ದಾಗಿನ ನಂಬರ್. ಬಿದ್ದು ತಲೆಕೆಳಗಾದರೂ ಜನ ಓದಿಕೊಳ್ಳಬಹುದು ಎಂದು ತಂದೆ ಅದನ್ನು ಆರಿಸಿಕೊಂಡಿದ್ದರಂತೆ. 2017ರ ಮೇ ತಿಂಗಳಲ್ಲಿ ಇಟಲಿಯ ರಿಮಿನಿ ಬಳಿ ಸೈಕಲ್ ತುಳಿಯುತ್ತಿದ್ದಾಗ ಕಾರು ಬಡಿದು ಹೇಡನ್ ತೀರಿಕೊಂಡರು. ವಯಸ್ಸು 35. 2019ರಲ್ಲಿ ಆಸ್ಟಿನ್‌ನ ರೇಸ್ ವೇಳೆ ಮೋಟೋಜಿಪಿ 69ನ್ನು ಶಾಶ್ವತವಾಗಿ ಅವರ ಹೆಸರಿಗೆ ಬಿಟ್ಟುಕೊಟ್ಟಿತು. ಆ ನಂಬರ್ ಈಗ ಬೇರೆ ಯಾರಿಗೂ ಸಿಗುವುದಿಲ್ಲ.